ಬರ್ಕ್ಲಿಗೆ ಈ ಫುಟ್‌ಬಾಲ್ ಪೈಪೋಟಿ ಬೇಡ

ಮಾನ್ಯ ಸಂಪಾದಕರೇ,

ಕರ್ನಾಟಕದಿಂದ ಎಷ್ಟೋ ಅಪ್ಪ ಅಮ್ಮಂದಿರು ಬ್ಯಾಂಕ್ ಸಾಲ ಮಾಡಿ ಮಕ್ಕಳನ್ನು ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಾರೆ. ಅಲ್ಲಿ ಫುಟ್‌ಬಾಲ್‌ಗೆ ಎಷ್ಟು ದುಡ್ಡು ಸುರಿಯುತ್ತಾರೆ ಅನ್ನೋದು ಅವರಿಗೂ ಗೊತ್ತಿರಲಿ. ಇದು ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಮೈಮೇಲೆ ಬಿದ್ದು ಆಡುವ ಆಟ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯನ್ನೇ ನೋಡಿ. ಅಲ್ಲಿನ ಮೆಮೋರಿಯಲ್ ಸ್ಟೇಡಿಯಂ ಅಡಿಯಲ್ಲೇ ಹೇವರ್ಡ್ ಭೂಕಂಪದ ಬಿರುಕು ಹಾದುಹೋಗಿದೆ, ಗಟ್ಟಿ ಮಾಡಲೇಬೇಕಿತ್ತು, ಒಪ್ಪೋಣ. 2012ರಲ್ಲಿ ಆ ಕೆಲಸ ಮುಗಿಯುವಾಗ ಖರ್ಚು 32 ಕೋಟಿ ಡಾಲರ್ ದಾಟಿತ್ತು. ದುಬಾರಿ ಸೀಟು ಮಾರಿ ಸಾಲ ತೀರಿಸುವ ಲೆಕ್ಕ ಕೈಕೊಟ್ಟಿತು, ಕೊನೆಗೆ ಸಾಲದ ಒಂದು ಪಾಲು ವಿಶ್ವವಿದ್ಯಾಲಯದ ತಲೆಗೇ ಬಂತು.

ಅಷ್ಟಾದರೂ ಬಿಡಲಿಲ್ಲ. ಪಶ್ಚಿಮ ಕರಾವಳಿಯ ವಿಶ್ವವಿದ್ಯಾಲಯಗಳು ತಮ್ಮತಮ್ಮಲ್ಲೇ ಆಡುತ್ತಿದ್ದ ಹಳೆಯ ಕ್ರೀಡಾ ಕೂಟ (ಲೀಗ್) ಒಡೆದ ಮೇಲೆ 2024ರಲ್ಲಿ ಬರ್ಕ್ಲಿ, ಸ್ಟ್ಯಾನ್‌ಫರ್ಡ್ ಎರಡೂ ಅಟ್ಲಾಂಟಿಕ್ ಕರಾವಳಿಯ ಕೂಟ ಸೇರಿದವು, ಅದೂ ಟಿವಿ ದುಡ್ಡಿನಲ್ಲಿ ಏಳು ವರ್ಷ ಪೂರ್ತಿ ಪಾಲು ಬೇಡ, ಶೇ 30 ಸಾಕು ಅಂತ ಒಪ್ಪಿಕೊಂಡು! ಫುಟ್‌ಬಾಲ್‌ಗಾಗಿ ಮಾಡಿದ ಈ ಒಪ್ಪಂದಕ್ಕೆ ವಾಲಿಬಾಲ್ ಆಡುವ ಹುಡುಗಿಯರೂ ಇಡೀ ದೇಶ ದಾಟಿ ಹಾರಬೇಕು. ಬಾಸ್ಟನ್‌ನಲ್ಲೋ ಮಯಾಮಿಯಲ್ಲೋ ಆಡಿ, ಮೂರು ಗಂಟೆ ವ್ಯತ್ಯಾಸದ ಗಡಿಯಾರ ಹೊಂದಿಸಿಕೊಂಡು ವಾಪಸ್ ಬಂದು ಬೆಳಗ್ಗೆ ಲ್ಯಾಬ್‌ಗೆ ಹೋಗಬೇಕು. ಓದೋದು ಯಾವಾಗ?

ಆಟಗಾರರು ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯಂತೆ ಒಂದೊಂದು ವಿಶ್ವವಿದ್ಯಾಲಯ ವರ್ಷಕ್ಕೆ ಎರಡು ಕೋಟಿ ಡಾಲರ್‌ಗೂ ತುಸು ಹೆಚ್ಚು ಆಟಗಾರರಿಗೆ ನೇರವಾಗಿ ಕೊಡಬಹುದು. ಅವರಿಗೆ ದುಡ್ಡು ಸಿಗಬೇಕಾದ್ದೇ, ತಲೆಗೆ ಪೆಟ್ಟು ತಿನ್ನುವವರು ಅವರೇ. ಆದರೆ ಸಾಲದಲ್ಲಿರುವ ಸಂಸ್ಥೆ ಎಲ್ಲಿಂದ ತರುತ್ತೆ?

ಫುಟ್‌ಬಾಲ್ ಬಿಟ್ಟರೆ ಹೆಸರು ಹಾಳಾಗುತ್ತೆ, ದಾನಿಗಳು ದೂರ ಹೋಗುತ್ತಾರೆ ಅನ್ನುವವರಿದ್ದಾರೆ. ಟೆಕ್ಸಸ್, ಒಹಾಯೊ ಕಡೆ ಈ ಆಟದಿಂದ ನಿಜವಾಗಿ ದುಡ್ಡು ಬರುತ್ತೆ, ಅಲ್ಲಿನ ಮಾತೇ ಬೇರೆ. ಆದರೆ ಶಿಕಾಗೊ ವಿಶ್ವವಿದ್ಯಾಲಯ ನೋಡಿ. 1935ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಮೊಟ್ಟಮೊದಲ ಹೈಸ್ಮನ್ ಟ್ರೋಫಿ ಗೆದ್ದ ಜೇ ಬರ್ವಾಂಗರ್ ಅಲ್ಲಿಯವರು. ನಾಲ್ಕೇ ವರ್ಷದಲ್ಲಿ ಅಧ್ಯಕ್ಷ ಹಚಿನ್ಸ್ ತಂಡವನ್ನೇ ನಿಲ್ಲಿಸಿದರು. ಶಿಕಾಗೊ ಹೆಸರು ಕೆಟ್ಟಿತಾ? 1942ರಲ್ಲಿ ಭೌತವಿಜ್ಞಾನಿ ಫರ್ಮಿ ಅವರ ತಂಡ ಮೊದಲ ಪರಮಾಣು ರಿಯಾಕ್ಟರ್ ನಡೆಸಿದ್ದು ಅಲ್ಲಿನ ಫುಟ್‌ಬಾಲ್ ಮೈದಾನದ ಗ್ಯಾಲರಿ ಕೆಳಗೇ. 1969ರಲ್ಲಿ ಫುಟ್‌ಬಾಲ್ ವಾಪಸ್ ಬಂತು, ಈಗ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲದ ಮೂರನೇ ಡಿವಿಷನ್‌ನಲ್ಲಿ ಹುಡುಗರು ಖುಷಿಯಾಗಿ ಆಡುತ್ತಾರೆ.

ಬರ್ಕ್ಲಿಯೂ ಹಾಗೇ ಇಳಿಯಲಿ. ಈಗ ತಂಡದಲ್ಲಿರುವ ಹುಡುಗರ ಸ್ಕಾಲರ್‌ಶಿಪ್ ಮಾತ್ರ ಡಿಗ್ರಿ ಮುಗಿಯುವವರೆಗೂ ನಿಲ್ಲಿಸಬಾರದು.

– ಓದುಗ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ