ಇಟಲಿಯ ಕೊರ್ನಿಲ್ಯಾ ಊರಿನ ಭೇಟಿಯಲ್ಲಿ ನಡೆದ ವಂಚನೆ ಹಾಗೂ ಹಿರಿಯರಿಗಾದ ಅವಮಾನದ ಕುರಿತು ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಪ್ರವಾಸ ಸಂಸ್ಥೆಯ ಮೂಲಕ ಹೋದ ಇಟಲಿ ಪ್ರವಾಸದ ದೋಣಿಯ ಹಣದ ಕುರಿತು ದೂರವಾಣಿಯಲ್ಲಿ ಸಮಾಧಾನದಿಂದಲೇ ವಿಚಾರಿಸುತ್ತ ಬಂದಿದ್ದ ನಾನು ಈ ಪತ್ರ ಬರೆಯಲು ಕಾರಣ ನಿಮ್ಮ ಕಚೇರಿಯಿಂದ ಕೊನೆಯದಾಗಿ ಬಂದ ಇಮೇಲ್. ಸಮುದ್ರ ಪ್ರಕ್ಷುಬ್ಧವಾಗಿದ್ದರಿಂದ ಕೊರ್ನಿಲ್ಯಾದ ದೋಣಿ ರದ್ದಾಯಿತು, ಆದ್ದರಿಂದ ಹಣ ಮರಳಿಸಲಾಗದು ಎಂದು ಅದರಲ್ಲಿದೆ.

ಕೊರ್ನಿಲ್ಯಾದಲ್ಲಿ ದೋಣಿ ನಿಲ್ಲುವ ಬಂದರೇ ಇಲ್ಲ. ಚಿಂಕ್ವೆ ತೆರ್ರೆ ಎಂಬ ಕಡಲತೀರದ ಐದು ಊರುಗಳಲ್ಲಿ ರಿಯೊಮಜೋರೆ, ಮನರೋಲಾ, ವೆರ್ನಾಟ್ಸಾ, ಮೊಂತೆರೊಸ್ಸೊಗಳಲ್ಲಿ ಪ್ರಯಾಣಿಕರ ದೋಣಿ ನಿಲ್ಲುತ್ತದೆ. ಕೊರ್ನಿಲ್ಯಾ ಇರುವುದು ಸಮುದ್ರದಿಂದ ಸುಮಾರು 100 ಮೀಟರ್ ಎತ್ತರದ ಬಂಡೆಯ ನೆತ್ತಿಯಲ್ಲಿ. ಇಲ್ಲದ ದೋಣಿ ರದ್ದಾಗುವುದು ಹೇಗೆ? 1997ರಲ್ಲೇ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪ್ರದೇಶವಿದು. ಅಲ್ಲಿಗೆ ವರ್ಷವರ್ಷವೂ ಜನರನ್ನು ಕರೆದೊಯ್ಯುವ ನಿಮಗೆ ಇದು ತಿಳಿದಿರಲಿಲ್ಲವೆಂದರೆ ಯಾರೂ ನಂಬುವುದಿಲ್ಲ. ಆದರೂ ‘ಐದೂ ಊರುಗಳಿಗೆ ದೋಣಿಯಲ್ಲಿ ಭೇಟಿ’ ಎಂದು ಅಚ್ಚು ಹಾಕಿಸಿ ಹಣ ಪಡೆದಿರಿ. ಕುಮಟಾದ ಕಡಲ ಬದಿಯಲ್ಲಿ ಬೆಳೆದ ನಮ್ಮ ಅತ್ತೆಯವರು ಈ ಪ್ರವಾಸಕ್ಕೆ ಒಪ್ಪಿದ್ದೇ ಆ ಒಂದು ಸಾಲನ್ನು ಓದಿ.

ಅವರ ಮಂಡಿನೋವಿನ ವಿಷಯವನ್ನು ಅರ್ಜಿಯಲ್ಲಿ ಬರೆದುಕೊಟ್ಟಿದ್ದೆವು. ಹೀಗಿದ್ದೂ, ರೈಲಿನಲ್ಲಿ ಕೊರ್ನಿಲ್ಯಾ ನಿಲ್ದಾಣಕ್ಕೆ ಕರೆತಂದ ನಿಮ್ಮ ಟೂರ್ ಮ್ಯಾನೇಜರ್, ಊರಿಗೆ ಹತ್ತುವ ಲಾರ್ದಾರೀನಾ ಎಂಬ ದಾರಿಯ ಸುಮಾರು 380 ಮೆಟ್ಟಿಲುಗಳತ್ತ ಕೈ ತೋರಿಸಿ, “ಬೇಗ ಬೇಗ ಹತ್ತಿ” ಎಂದರು. ದೋಣಿ ಎಲ್ಲಿ ಎಂದು ಕೇಳಿದೆ. “ದೋಣಿ ಇಲ್ಲಿಗೆ ಬರಲ್ಲ ಮೇಡಂ” ಎಂದರು. ಅಲ್ಲೇ ನಿಂತಿದ್ದ ಬಸ್ಸನ್ನು ತೋರಿಸಿದೆ. “ಅದು ನಮ್ಮ ಪ್ಯಾಕೇಜಲ್ಲಿಲ್ಲ.” ರೈಲು, ಬಸ್ಸು ಎರಡಕ್ಕೂ ಸಲ್ಲುವ ಚಿಂಕ್ವೆ ತೆರ್ರೆ ಕಾರ್ಡಿಗೆ ಹಣ ಕಟ್ಟಿದ್ದೇವಲ್ಲ, ಅದನ್ನು ಕೊಡಿ ಎಂದೆ. “ಕಾರ್ಡ್ ತಗೊಂಡಿಲ್ಲ, ಬರೀ ರೈಲು ಟಿಕೆಟ್ ತಗೊಂಡಿದ್ದೀವಿ” ಎಂದವರು, ನನ್ನನ್ನು ಬಿಟ್ಟು ಅತ್ತೆಯವರ ಕಡೆ ತಿರುಗಿ, “ಅಜ್ಜಿ, ಹತ್ತೋಕಾಗದವರು ಮನೇಲಿರಬೇಕು. ನಿಮ್ಮೊಬ್ಬರಿಂದ ಎಲ್ಲರಿಗೂ ಲೇಟು” ಎಂದು ಗದರಿದರು. ಸುತ್ತ ನಿಂತಿದ್ದ ನಮ್ಮ ತಂಡದವರೆಲ್ಲ ಕನ್ನಡದವರು. ಒಂದೊಂದು ಮಾತೂ ಎಲ್ಲರಿಗೂ ಅರ್ಥವಾಯಿತು. ಇಬ್ಬರು ನಕ್ಕರು. ಅತ್ತೆಯವರು “ನಾನಿಲ್ಲೇ ಕೂತಿರ್ತೇನೆ, ನೀವು ಹೋಗಿ ಬನ್ನಿ” ಎಂದರು. ನಿಮ್ಮ ನೌಕರರು ಹಿಂದಿರುಗಿಯೂ ನೋಡದೆ ತಂಡವನ್ನು ಕರೆದುಕೊಂಡು ಮೆಟ್ಟಿಲು ಹತ್ತಿದರು. ನಾವು ಕೈಯಿಂದ ಹಣ ಕೊಟ್ಟು ಬಸ್ಸಿನಲ್ಲಿ ಮೇಲೆ ತಲುಪುವಷ್ಟರಲ್ಲಿ, ಹೊರಡುವ ವೇಳೆಯಾಯಿತೆಂದು ಅವರಿಂದ ಫೋನು ಬಂತು.

ದೋಣಿಯ ಮತ್ತು ಕಾರ್ಡಿನ ಹಣದ ಜೊತೆಗೆ ನಾವು ತೆತ್ತ ಬಸ್ಸಿನ ಹಣವನ್ನೂ ಮರಳಿಸಬೇಕು. ಅದಕ್ಕಿಂತ ಮುಖ್ಯವಾಗಿ, ಆ ನೌಕರರೂ ನಿಮ್ಮ ಸಂಸ್ಥೆಯೂ ಅತ್ತೆಯವರ ಹೆಸರಿಗೇ ಲಿಖಿತವಾಗಿ ಕ್ಷಮೆ ಕೇಳಬೇಕು. ಪತ್ರ ತಲುಪಿದ ಹದಿನೈದು ದಿನಗಳೊಳಗೆ ಇದು ಆಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ದೂರುದಾರರು ತಾವು ವಾಸಿಸುವ ಊರಿನಲ್ಲೇ ದಾವೆ ಹೂಡಲು ಆ ಕಾಯ್ದೆ ಅವಕಾಶ ಕೊಟ್ಟಿದೆ. ಅಚ್ಚಾದ ಕಾರ್ಯಕ್ರಮಪಟ್ಟಿ, ನಿಮ್ಮ ಇಮೇಲ್ ಎರಡೂ ನನ್ನ ಬಳಿ ಇವೆ. ಆ ದಿನ ನಿಲ್ದಾಣದಲ್ಲಿದ್ದ ಸಹಪ್ರಯಾಣಿಕರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ನಕ್ಕ ಇಬ್ಬರಲ್ಲಿ ಒಬ್ಬರೂ ಅವರೊಳಗಿದ್ದಾರೆ.

ಇಂತಿ,
ನಿಮ್ಮ ಗ್ರಾಹಕಿ,
ಮೈಸೂರು