ಪಂಪ್ ಅಂದ್ರೆ ಭಯ, ಟ್ಯೂಬ್ ಅಂದ್ರೆ ಧೈರ್ಯ!

ಮಾನ್ಯ ಸಂಪಾದಕರೇ,

ಇಪ್ಪತ್ತು ವರ್ಷದಿಂದ ಮುಂಬಯಿ ಹತ್ರದ ಡೊಂಬಿವಲೀಲಿ ಇದ್ದೀನಿ, ಹೋಟೆಲ್ ಕ್ಯಾಶ್ ಕೌಂಟರಲ್ಲಿ ಕೂರೋ ಕೆಲಸ. ಈ ಮಳೆಗಾಲದಲ್ಲಿ ನಮ್ಮ ಕಿಚನ್ ಹುಡುಗ ಒಬ್ಬ, ಬೈಂದೂರು ಕಡೆಯವನು, "ಅಣ್ಣ ನಡೆಯೋಕೇ ಆಗ್ತಿಲ್ಲ" ಅಂತ ಬಂದ. ಸ್ಟೋರ್ ರೂಮಿಗೆ ಕರ್ಕೊಂಡು ಹೋಗಿ ನೋಡಿದ್ರೆ ತೊಡೆ ಸಂದಿಯಿಂದ ಮೊಣಕಾಲ ಹತ್ರದವರೆಗೆ ಗಜಕರ್ಣ, ನಡುವೆ ಚರ್ಮ ಹರಿದ ಹಾಗೆ ಕೆಂಪು ಗೆರೆಗಳು. ಆರು ತಿಂಗಳಿಂದ ಮೆಡಿಕಲ್‌ನವರು ಕೊಟ್ಟ ಅದೇ ಟ್ಯೂಬ್ ಹಚ್ತಾ ಇದ್ದನಂತೆ, ಹಚ್ಚಿದ್ರೆ ಎರಡು ದಿನಕ್ಕೆ ತುರಿಕೆ ಮಾಯ, ಬಿಟ್ರೆ ವಾರದಲ್ಲಿ ಡಬಲ್. ಟೂತ್‌ಪೇಸ್ಟ್ ಥರ ಕೆಳಗಿಂದ ಸುರುಳಿ ಸುತ್ತಿಟ್ಟಿದ್ದ, ಬಿಡಿಸಿ ಓದಿದೆ, ಸಣ್ಣಕ್ಷರದಲ್ಲಿ ಕ್ಲೊಬೆಟಾಸಾಲ್.

ಚರ್ಮದ ಡಾಕ್ಟರ್ ಹೇಳಿದ್ದು ಕೇಳಿ ನನಗೆ ಸಂಕಟ ಆಯ್ತು. ಇದು ಹಚ್ಚೋ ಸ್ಟೀರಾಯ್ಡುಗಳಲ್ಲೇ ಅತೀ ಜೋರಿಂದು, ಎರಡು ವಾರಕ್ಕಿಂತ ಜಾಸ್ತಿ ಹಚ್ಚಬಾರದು, ತೊಡೆ ಸಂದಿಗೆ, ಮುಖಕ್ಕಂತೂ ಬೇಡವೇ ಬೇಡ. ಸ್ಟೀರಾಯ್ಡ್ ಉರಿ ತುರಿಕೆ ಅಡಗಿಸುತ್ತೆ ಆದ್ರೆ ಗಜಕರ್ಣ ತರೋ ಫಂಗಸ್ ಸಾಯಲ್ಲ, ಚರ್ಮದ ತಡೆಯೋ ಶಕ್ತಿ ಕುಗ್ಗಿ ಅದು ಒಳಗೊಳಗೇ ಬೆಳೆಯುತ್ತೆ, ಆ ಕೆಂಪು ಗೆರೆಗಳು ಪೂರ್ತಿ ಹೋಗೋದೂ ಇಲ್ಲವಂತೆ. ಹುಡುಗನಿಗೆ ಇನ್ನೂ ಇಪ್ಪತ್ತೆರಡು. ಇಂಥ ಮುಲಾಮು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ನಿಯಮ ಬಿಗಿ ಮಾಡಿದಾರೆ, ಆದ್ರೂ ಕೌಂಟರಲ್ಲಿ ದುಡ್ಡಿಟ್ರೆ ಟ್ಯೂಬ್ ಕೈಗೆ ಬರುತ್ತೆ.

ಇನ್ನೊಂದು ಕಡೆ ನಮ್ಮ ಅಕ್ಕ. ಅಸ್ತಮಾ ಇದೆ, ಡಾಕ್ಟರ್ ದಿನಾ ಎರಡು ಹೊತ್ತು ತಗೋ ಅಂತ ಕೊಟ್ಟ ಸ್ಟೀರಾಯ್ಡ್ ಪಂಪನ್ನ (ಇನ್ಹೇಲರ್) ಅಕ್ಕಪಕ್ಕದವರು "ಚಟ ಆಗಿಬಿಡುತ್ತೆ" ಅಂದ್ರು ಅಂತ ನಿಲ್ಲಿಸಿಬಿಟ್ಲು, ಉಸಿರು ಕಟ್ಟಿದಾಗ ಮಾತ್ರ ತಕ್ಷಣ ಉಸಿರು ಸರಾಗ ಮಾಡೋ ನೀಲಿ ಪಂಪ್ ಎಳೀತಿದ್ಲು, ಕೊನೆಗೆ ಒಂದು ರಾತ್ರಿ ಆಟೋದಲ್ಲಿ ಹೊತ್ಕೊಂಡು ಹೋಗೋ ಹಾಗಾಯ್ತು. ಅಲ್ಲಿ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್, ಅದೂ ಸ್ಟೀರಾಯ್ಡೇ, ನುಂಗಿಸಿದ್ರು. ಅವಳು ಹೆದರಿ ಬಿಟ್ಟ ಪಂಪಲ್ಲಿ ಒಂದು ಎಳೆತಕ್ಕೆ ಇದ್ದದ್ದು 200 ಮೈಕ್ರೋಗ್ರಾಂ, ಅಂದ್ರೆ ಒಂದು ಮಿಲಿಗ್ರಾಮಿನ ಐದನೇ ಒಂದು ಭಾಗ, ಅದೂ ನೇರ ಶ್ವಾಸಕೋಶಕ್ಕೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿದ್ರೆ ಬಾಯಲ್ಲಿ ಫಂಗಸ್ ಆಗೋ ತೊಂದರೆಯೂ ಕಮ್ಮಿ. ಮೂಗಿನ ಸ್ಟೀರಾಯ್ಡ್ ಸ್ಪ್ರೇದೂ ಇದೇ ಕಥೆ, ಎರಡು ದಿನಕ್ಕೆ ಗುಣ ಕಾಣ್ಲಿಲ್ಲ ಅಂತ ಬಿಡ್ತಾರೆ, ಅದಕ್ಕೆ ಒಂದೆರಡು ವಾರ ಬೇಕು.

ಮುಂಬಯಿ ಮಳೇಲಿ ಒದ್ದೆ ಬಟ್ಟೇಲೇ ಹದಿನಾಲ್ಕು ಗಂಟೆ ಒಲೆ ಮುಂದೆ ನಿಲ್ಲೋ ಹುಡುಗರು ನಮ್ಮ ಊರಿನೋರೇ. ದಯವಿಟ್ಟು ಹೋಟೆಲ್ ಮಾಲೀಕರು ಅವರಿಗೆ ಬದಲಾಯಿಸೋಕೆ ಒಣಗಿದ ಇನ್ನೊಂದು ಜೊತೆ ಬಟ್ಟೆ ಕೊಡಿ, ಮುನಿಸಿಪಲ್ ಆಸ್ಪತ್ರೆ ಚರ್ಮದ ಒಪಿಡಿಗೆ ಹೋಗೋಕೆ ಅರ್ಧ ದಿನ ರಜೆ ಕೊಡಿ, ಸಂಬಳ ಕಟ್ ಮಾಡದೆ.

ಒಬ್ಬ ಓದುಗ, ಡೊಂಬಿವಲಿ ಪೂರ್ವ