ಹಳೆ ಕಂಬಗಳ ಊರಿಗೆ ಹೋಗಿ ಬಂದೆ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಉತ್ತರ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹೋದ ವಾರ ನಮ್ಮ ತರಗತಿಯ ಹದಿನೆಂಟು ಜನ ಮ್ಯಾಡ್ರಿಡ್‌ನಿಂದ ಸ್ಪೇನಿನ ದಕ್ಷಿಣದ ಹಳೆ ಊರು ಕೊರ್ದೋಬಾಗೆ ಹೋಗಿದ್ದೆವು. ವೇಗದ ರೈಲಿನಲ್ಲಿ ಎರಡು ಗಂಟೆಯೂ ಹಿಡಿಯಲಿಲ್ಲ. ಶುಕ್ರವಾರ ಹೋಗಿ ಶನಿವಾರ ವಾಪಸ್. ಅಲ್ಲಿ ಇದ್ದಷ್ಟು ಹೊತ್ತೂ ನಿನ್ನದೇ ನೆನಪು. ಹಳೇಬೀಡಿನ ಕಂಬಗಳನ್ನು ಮುಟ್ಟಿ ಮುಟ್ಟಿ ನೋಡುತ್ತ ಬಸ್ಸನ್ನೇ ಮರೆತವನು ನೀನು, ಅಲ್ವಾ?

ಆ ಊರಿನ ದೊಡ್ಡ ಮಸೀದಿಗೆ ಮೆಸ್ಕೀತಾ ಅನ್ನುತ್ತಾರೆ. ಈಗ ಅದು ಕ್ಯಾಥೆಡ್ರಲ್, ಅಂದರೆ ಬಿಷಪ್ಪರ ದೊಡ್ಡ ಚರ್ಚು. ಒಳಗೆ 850ಕ್ಕೂ ಹೆಚ್ಚು ಕಂಬಗಳಿವೆ. ಅಡಿಕೆ ತೋಟದೊಳಗೆ ನಿಂತರೆ ಯಾವ ಕಡೆ ನೋಡಿದರೂ ಸಾಲು ಕಾಣುತ್ತದಲ್ಲ, ಥೇಟ್ ಹಾಗೆ. ಎಂಟನೇ ಶತಮಾನದ ಕೊನೆಗೆ ಅಲ್ಲಿನ ಮುಸ್ಲಿಂ ದೊರೆ ಮೊದಲನೇ ಅಬ್ದ್ ಅಲ್ ರಹಮಾನ್ ಇದನ್ನು ಕಟ್ಟಿಸಲು ಶುರುಮಾಡಿದಾಗ ರೋಮನ್ನರ, ಅವರ ನಂತರ ಆಳಿದ ವಿಸಿಗಾತರ ಹಳೆ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದರು. ಒಂದು ಗುಲಾಬಿ ಬಣ್ಣ, ಪಕ್ಕದ್ದು ಕಪ್ಪು. ಒಂದು ನುಣುಪು, ಇನ್ನೊಂದರ ಮೈಗೆಲ್ಲ ಗೀರು. ಎತ್ತರವೂ ಒಂದೇ ಸಮ ಇರಲಿಲ್ಲ. ಬುಡದಲ್ಲಿ ಹೆಚ್ಚು ಕಡಿಮೆ ಮಾಡಿ ಸರಿತೂಗಿಸಿದರು. ಆದರೂ ಅಷ್ಟು ದೊಡ್ಡ ಸೂರಿಗೆ ಅವು ತೀರಾ ಗಿಡ್ಡ.

ಆಗ ಅವರು ಮಾಡಿದ ಉಪಾಯ ನೋಡು. ಪ್ರತಿ ಕಂಬದ ತಲೆಯ ಮೇಲೆ ಕಲ್ಲಿನ ಇನ್ನೊಂದು ಕಂಬ ಏರಿಸಿ, ಕೆಳಗೊಂದು ಮೇಲೊಂದು ಎರಡು ಕಮಾನು ಕಟ್ಟಿದರು. ಮೇಲಿನ ಕಮಾನು ಸೂರಿನ ಭಾರ ಹೊರುತ್ತದೆ. ಕೆಳಗಿನದು ಕಂಬಗಳು ವಾಲದ ಹಾಗೆ ಹಿಡಿದುಕೊಳ್ಳುತ್ತದೆ, ಅಷ್ಟೇ. ಎರಡರ ನಡುವೆ ಗೋಡೆ ಇಲ್ಲ, ಬರೀ ಬಯಲು. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಮತ್ತೆ ಕೆಂಪು, ಮತ್ತೆ ಬಿಳಿ. ಹತ್ತನೇ ಶತಮಾನದಲ್ಲಿ ದೊರೆ ಎರಡನೇ ಅಲ್ ಹಕಮ್ ಮಸೀದಿ ವಿಸ್ತರಿಸಿದಾಗ ಕಂಬಗಳನ್ನು ಹೊಸದಾಗಿ, ಒಂದೇ ಅಳತೆಗೆ ಮಾಡಿಸಿದ. ಆದರೆ ಆ ಜೋಡಿ ಕಮಾನನ್ನು ಮಾತ್ರ ಬಿಡಲಿಲ್ಲ! ನನಗೆ ಜಾಸ್ತಿ ಹಿಡಿಸಿದ್ದು ಮೊದಲಿನ ಭಾಗವೇ. ಅಲ್ಲಿ ಒಂದೊಂದು ಕಂಬಕ್ಕೂ ಒಂದೊಂದು ಮುಖ ಇದೆ ಕಣೋ.

ನಡುಮಧ್ಯೆ ಮಾತ್ರ ಮನಸ್ಸು ಭಾರವಾಯಿತು. 1236ರಲ್ಲಿ ಕ್ರೈಸ್ತ ರಾಜ ಮೂರನೇ ಫರ್ಡಿನಾಂಡ್ ಊರನ್ನು ಗೆದ್ದ ಮೇಲೆ ಮಸೀದಿ ಚರ್ಚಾಯಿತು. ಕಟ್ಟಡ ಬಹುಮಟ್ಟಿಗೆ ಹಾಗೇ ಉಳಿದಿತ್ತು. 1523ರಲ್ಲಿ ಬಿಷಪ್ಪರು ಮಧ್ಯದ ಕಂಬಗಳನ್ನು ತೆಗೆದು ದೊಡ್ಡ ಕ್ಯಾಥೆಡ್ರಲ್ ಕಟ್ಟಲು ಹೊರಟರು. ಊರಿನ ಆಡಳಿತದವರು, ಅವರೂ ಕ್ರೈಸ್ತರೇ, ಒಪ್ಪಲಿಲ್ಲ. ಕೆಡವಲು ಕೈ ಹಾಕಿದ ಕೆಲಸಗಾರರಿಗೆ ಮರಣದಂಡನೆ ಎಂದು ಸಾರಿದರು. ಕೊನೆಗೆ ರಾಜ ಬಿಷಪ್ಪರ ಪರ ನಿಂತ. ಕ್ಯಾಥೆಡ್ರಲ್ಲೂ ಚೆಂದವೇ, ಅದರ ಮರದ ಕೆತ್ತನೆ ನೋಡುವಂಥದ್ದು. ಆದರೆ ಹೋದ ಕಂಬಗಳ ಲೆಕ್ಕವೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಗುಂಪಿನ ಜೊತೆ ಒಂದು ಗಂಟೆ ಸಿಕ್ಕಿತು, ಸಾಲಲಿಲ್ಲ. ಬೆಳಗ್ಗೆ 8:30ಕ್ಕೆ ಒಬ್ಬೊಬ್ಬರಾಗಿ ಬಂದರೆ ಟಿಕೆಟ್ ಇಲ್ಲದೆ ಬಿಡುತ್ತಾರೆ ಎಂದು ಗೊತ್ತಾಯಿತು. ಮಾರನೆಯ ದಿನ ಎಲ್ಲರೂ ಮಲಗಿದ್ದಾಗ ಎದ್ದು ಹೋದೆ. ಜನವರಿಯ ಚಳಿ. ಅಂಗಳದ ಮರಗಳ ತುಂಬ ಕಿತ್ತಳೆ. ಅದಕ್ಕೆ ಅಲ್ಲಿ ನರಾಂಹಾ ಅನ್ನುತ್ತಾರೆ. ನಮ್ಮ ಕಡೆಯ ನಾರಂಗ ಎಂಬ ಮಾತೇ ಪರ್ಷಿಯನ್ನರ, ಅರಬರ ಬಾಯಿ ದಾಟಿ ಅಲ್ಲಿಗೆ ಹೋಗಿದೆ. ಒಳಗೆ ಇನ್ನೂ ಮಬ್ಬು. ಹೆಜ್ಜೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಸುಮ್ನೆ ಒಂದು ಕಂಬದ ಪಕ್ಕ ನಿಂತಿದ್ದೆ.

ಆಮೇಲೆ ಯಹೂದಿಗಳ ಹಳೆ ಕೇರಿಯಲ್ಲಿ ಸುತ್ತಾಡಿದೆವು. 1315ರ ಪುಟ್ಟ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ, ನೋಡಿದೆವು. ಇದೇ ಊರಲ್ಲಿ ಹುಟ್ಟಿದ ಪಂಡಿತ ಮೈಮೊನಿಡೀಸ್‌ನ ವಿಗ್ರಹವೂ ಆ ಕೇರಿಯಲ್ಲೇ ಇದೆ. ಮಧ್ಯಾಹ್ನ ಊಟಕ್ಕೆ ಕರಿದ ಬದನೆಕಾಯಿ, ಮೇಲೆ ಕಬ್ಬಿನ ಪಾಕ. ಬಾಯಿಗಿಟ್ಟರೆ ನಮ್ಮ ಜೋನಿಬೆಲ್ಲ! ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ನಂಬಲೇ ಇಲ್ಲ.

ಒಂದು ಕೆಲಸ ಮಾಡು. ಹಳೇಬೀಡಿನಲ್ಲಿ ಕಂಬದ ಹೊಳಪಿನಲ್ಲಿ ನಮ್ಮಿಬ್ಬರ ಮುಖ ಕಾಣುವ ಹಾಗೆ ತೆಗೆದ ಫೋಟೊ ನಿನ್ನ ಹತ್ತಿರ ಇದೆಯಲ್ಲ, ಅದನ್ನು ಕಳಿಸು. ಕಲ್ಲನ್ನೇ ತಿರುಗಿಸಿ ಕಡೆದ ಕಂಬಗಳು ಅಂದರೆ ಇಲ್ಲಿನ ಗೆಳೆಯರು ಹೌದಾ ಹೌದಾ ಎಂದು ಕೇಳುತ್ತಿದ್ದಾರೆ. ಅವರಿಗೆ ತೋರಿಸಬೇಕು.

ನಿನ್ನ ಗೆಳೆಯ